ಅಕ್ಕಿ ಬೆಳ್ಳಗೇ ಇತ್ತು

ಆ ಭಾನುವಾರ ಬೆಳಿಗ್ಗೆ ಚಂತಲಾ ಮನೆ ಬಿಟ್ಟಾಗ ಅವಳಷ್ಟು ನಿಶ್ಚಿಂತೆಯ ಜೀವ ಫ್ರಾನ್ಸಿನ ಬೆಜಾನ್ಸೋಂ ಊರಿನಲ್ಲಿ ಇನ್ನೊಂದಿರಲಿಲ್ಲ. ಮೂರು ಗಂಟೆ ಕಳೆಯುವುದರೊಳಗೆ ಅವಳಷ್ಟು ಹೆದರಿದ ಜೀವವೂ ಇನ್ನೊಂದಿರಲಿಲ್ಲ. ನಡುವೆ ಅವಳು ಮಾಡಿದ್ದು ಇಷ್ಟೇ: ಒಂದು ಅಂಗಡಿಯ ಕಿಟಕಿ ನೋಡಿದಳು.

ತಿಂಗಳಿಗೆ ಒಂದೇ ಒಂದು ಭಾನುವಾರ ಅವಳದು. ಮಿಕ್ಕ ಭಾನುವಾರಗಳು ಮದಾಮ್ ಮೊನ್ನೋ ಅವರವು. ಒಪ್ಪಂದವೇ ಹಾಗೆ. ಬ್ರೆಜೀ ಗುಡ್ಡದ ಮೇಲೆ, ಮೂರನೇ ಮಹಡಿಯಲ್ಲಿ, ಮದಾಮ್ ಅವರ ಮನೆಯ ಹಿಂದಿನ ಕೋಣೆ ಹುಡುಗಿಗೆ. ಅದಕ್ಕೆ ಬದಲಾಗಿ ಅವಳು ರಾತ್ರಿ ಮನೆಯಲ್ಲಿರಬೇಕು, ಏಳು ಗಂಟೆಗೆ ಮದಾಮ್ ಎದುರು ಊಟಕ್ಕೆ ಕೂರಬೇಕು. ಏಳು ಎಂದರೆ ಏಳೇ. ಮದಾಮ್ ಮೂವತ್ತೆಂಟು ವರ್ಷ ಗಡಿಯಾರದ ಕಾರ್ಖಾನೆಯಲ್ಲಿ ಕೂದಲೆಳೆಯಂಥ ಸ್ಪ್ರಿಂಗುಗಳನ್ನು ಕೂರಿಸಿದವರು. ಎಂಬತ್ತೊಂದರಲ್ಲೂ ಕೈ ನಡುಗುವುದಿಲ್ಲ. ಮಧ್ಯಾಹ್ನದ ಊಟ ಸರಿಯಾಗಿ ಹನ್ನೆರಡಕ್ಕೆ. ಊಟದ ಹೊತ್ತಿನಲ್ಲಿ ಫೋನು ಬಂದರೆ ಅದು ತಾನೇ ಬಡಿದುಕೊಂಡು ಸುಮ್ಮನಾಗಬೇಕು. ಆ ಹೊತ್ತಿನಲ್ಲಿ ಫೋನು ಮಾಡುವವರಿಗೆ ಮರ್ಯಾದೆ ಗೊತ್ತಿಲ್ಲ ಎಂಬುದು ಮದಾಮ್ ಅವರ ತೀರ್ಮಾನ.

ಒಂದು ವರ್ಷವಾಯಿತು. ಚಂತಲಾ ಲಾವೋಸಿನ ಪಾಕ್ಸೆ ಹತ್ತಿರದ ಹಳ್ಳಿಯಿಂದ ಬಂದವಳು, ಎಂಜಿನಿಯರಿಂಗ್ ಓದುವವಳು. ಈ ಒಂದು ವರ್ಷವೂ ಮದಾಮ್ ಮಾಡಿದ ಆಲೂಗಡ್ಡೆ, ಗಿಣ್ಣು, ಈರುಳ್ಳಿ ಸೊಪ್ಪಿನ ಸೂಪು ಬಾಯಿ ಮುಚ್ಚಿಕೊಂಡು ತಿಂದಿದ್ದಾಳೆ. ಆದರೆ ಅವಳು ಬೇಯಿಸಿದ್ದನ್ನು ಮದಾಮ್ ಒಂದು ದಿನವೂ ಮುಟ್ಟಿಲ್ಲ. ಒಮ್ಮೆ ಖಾರ ಎಂದರು, ಒಮ್ಮೆ ಮೀನಿನ ವಾಸನೆ ಎಂದರು, ಒಮ್ಮೆ ಹೊಟ್ಟೆ ತುಂಬಿದೆ ಎಂದರು. ಹುಡುಗಿಗೆ ಅದೊಂದು ಕೊರಗು. ಅವಳ ಊರಿನಲ್ಲಿ ನಿನ್ನ ಕೈಯಡುಗೆ ಬೇಡ ಎಂದರೆ ನೀನೇ ಬೇಡ ಎಂದ ಹಾಗೆ.

ಹಾಗಿರುವಾಗ ಶನಿವಾರ ಶೈಯೂಝ್ ಕಾಡಿನಲ್ಲಿ ಅವಳ ಕಣ್ಣಿಗೆ ಅಣಬೆ ಬಿದ್ದವು. ಎರಡು ದಿನ ಮಳೆ ಬಂದು ಬಿಸಿಲು ಬಿದ್ದಿತ್ತು. ಓಕ್ ಮರದ ಬುಡದಲ್ಲಿ, ಎಲೆಗಳ ನಡುವೆ, ಕೋಳಿ ಬಚ್ಚಿಟ್ಟು ಹೋದಂತೆ ಬಿಳಿ ಬಿಳಿ ಮೊಟ್ಟೆಗಳು. ಚಂತಲಾಳಿಗೆ ಕಣ್ಣು ತುಂಬಿ ಬಂತು. ಮೊದಲ ಮಳೆ ಬಿದ್ದ ವಾರ ಅವಳ ಹಳ್ಳಿಯ ಕಾಡಿನಲ್ಲಿ ಏಳುವ ಮೊಟ್ಟೆಯಣಬೆಯೇ ಇದು! ಸಂತೆಯಲ್ಲಿ ಬಾಳೆಎಲೆಯ ಮೇಲೆ ಗುಡ್ಡೆ ಹಾಕಿ ಮಾರುವುದು, ಬಿದಿರು ಕಳಲೆಯ ಜೊತೆ ಸೂಪು ಮಾಡುವುದು, ಕುಡಿದ ಮೇಲೆ ಬಟ್ಟಲನ್ನು ನೆಕ್ಕುವುದು. ಹನ್ನೊಂದು ಸಿಕ್ಕವು. ಕೈವಸ್ತ್ರದಲ್ಲಿ ಸುತ್ತಿಕೊಂಡು ಬಂದಳು.

ಮದಾಮ್ ಕನ್ನಡಕ ಏರಿಸಿ ನೋಡಿದರು.

"ಔಷಧಿ ಅಂಗಡಿಯವನಿಗೆ ತೋರಿಸಿದ್ಯಾ?"

"ಇಲ್ಲ ಮದಾಮ್. ಯಾಕೆ?"

"ಯಾಕೆ ಅಂದ್ರೆ! ಅಣಬೆ ತಂದೋರು ಮೊದಲು ಅವನ ಮುಂದೆ ಹರಡ್ತಾರೆ. ಅವನು ಅರ್ಧ ಎಸೀತಾನೆ, ಅರ್ಧ ಕೊಡ್ತಾನೆ. ನಮ್ಮಪ್ಪನೂ ಹಾಗೇ ಮಾಡ್ತಿದ್ದ. ಸೋಮವಾರ ತನಕ ಇಟ್ಟಿರು."

ಚಂತಲಾಳಿಗೆ ನಗು ಬಂತು. ಈ ಊರಿನ ಜನಕ್ಕೆ ಎಲ್ಲಕ್ಕೂ ಔಷಧಿ ಅಂಗಡಿಯವನೇ ಬೇಕು. ಸೀನಿದರೂ ಅವನು, ಅಣಬೆ ಸಿಕ್ಕರೂ ಅವನು. "ಮದಾಮ್, ನಾನು ನಡೆಯೋಕೆ ಕಲಿತಿದ್ದೇ ಅಣಬೆ ಆರಿಸ್ತಾ. ಸೋಮವಾರಕ್ಕೆ ಕೊಳೆತುಹೋಗುತ್ತೆ. ನಾಳೆ ನಿಮಗೆ ಸೂಪು ಮಾಡಿಡ್ತೀನಿ. ಇದನ್ನ ಮಾತ್ರ ಬೇಡ ಅನ್ಬೇಡಿ."

ಮದಾಮ್ ಅವಳ ಮುಖ ನೋಡಿದರು. "ಆಗಲಿ ಪುಟ್ಟಿ, ಮಾಡು, ಕುಡೀತೀನಿ," ಎಂದರು.

ಹುಡುಗಿ ಆ ಖುಷಿಯನ್ನು ತಡೆಯಲಾರದೆ ಅಮ್ಮನಿಗೆ ಫೋನು ಹಚ್ಚಿದಳು. ಅಮ್ಮನದು ಒಂದೇ ಮಾತು: "ಬೇಯಿಸುವಾಗ ಒಂದು ಹಿಡಿ ಅಕ್ಕಿ ಹಾಕೋದು ಮರೀಬೇಡ. ಅಕ್ಕಿ ಬಣ್ಣ ತಿರುಗಿದ್ರೆ ವಿಷ, ಬೆಳ್ಳಗೇ ಇದ್ರೆ ಅಮೃತ." ಅವರಲ್ಲಿ ಅಜ್ಜಿಯ ಅಜ್ಜಿಯ ಕಾಲದಿಂದ ಇದೇ ಪರೀಕ್ಷೆ. ಚಂತಲಾ ಹುಟ್ಟುವ ಮುಂಚೆ ಅಮ್ಮನ ತಂಗಿ ನೋಯ್ ಎಂಬ ಹುಡುಗಿ ಹದಿನಾಲ್ಕಕ್ಕೇ ತೀರಿಕೊಂಡಾಗಲೂ ಮನೆಯವರು ಇದೇ ಮಾತು ಹಿಡಿದಿದ್ದರು. ಜ್ವರದಿಂದ ಎದ್ದ ತಂಗಿಗೆಂದು ಅಮ್ಮ ಅಣಬೆ ಸೂಪು ಮಾಡಿ ಅವಳೊಬ್ಬಳಿಗೇ ಕುಡಿಸಿದ್ದಳು. ನಾಲ್ಕನೇ ದಿನಕ್ಕೆ ಹುಡುಗಿ ಇಲ್ಲ. ಅಕ್ಕಿ ಬೆಳ್ಳಗಿತ್ತು, ಆದ್ದರಿಂದ ಅಣಬೆಯಲ್ಲ, ಕಾಡಿನ ದೆವ್ವವೇ ಎಂದು ತೀರ್ಮಾನವಾಗಿ, ದೆವ್ವಕ್ಕೆ ಹಂದಿ ಕೊಟ್ಟಿದ್ದರು.

ಭಾನುವಾರ ಎಂಟೂವರೆಗೆ, ಮದಾಮ್ ಇಗರ್ಜಿಗೆ ಹೋಗಿದ್ದಾಗ, ಚಂತಲಾ ಅಣಬೆ ಸೀಳಿದಳು. ಸೀಳಿನ ಒಳಗೆ ಒಂದು ತೆಳು ಹಸಿರು ಛಾಯೆ ಇತ್ತು. ಊರಿನದರಲ್ಲಿ ಅದು ಹಳದಿ. ಮಣ್ಣು ಬೇರೆ, ನೀರು ಬೇರೆ, ಬಣ್ಣವೂ ಸ್ವಲ್ಪ ಬೇರೆ ಎಂದುಕೊಂಡಳು. ಬಟ್ಟೆಯಲ್ಲಿ ಅಕ್ಕಿ ಕಟ್ಟಿ ಅಣಬೆ ಕುದಿಯುವ ನೀರಿಗೆ ಬಿಟ್ಟಳು. ಬಿಚ್ಚಿ ನೋಡಿದಾಗ ಅಕ್ಕಿ ಮಲ್ಲಿಗೆಯಂತಿತ್ತು. ಮತ್ತೇನು ಬೇಕು? ನಿಂಬೆಹುಲ್ಲು ಹಾಕಿದಳು, ಹುಳಿ ಹಿಂಡಿದಳು, ಉಪ್ಪು ನೋಡಿದಳು, ಇನ್ನೊಂದು ಚಿಟಿಕೆ ಹಾಕಿ ಮತ್ತೆ ನೋಡಿದಳು. ತನ್ನ ಪಾಲು ಸಂಜೆಗೆ ಇರಲಿ ಎಂದು ಪಾತ್ರೆ ಮುಚ್ಚಿ, ಒಂದು ಚೀಟಿ ಬರೆದಿಟ್ಟಳು: 'ಮದಾಮ್, ಹನ್ನೆರಡಕ್ಕೆ ಬಿಸಿ ಮಾಡಿಕೊಳ್ಳಿ. ಎಲ್ಲಾ ಕುಡಿದರೂ ಸರಿ.'

ಆಮೇಲೆ ಗುಡ್ಡ ಇಳಿದಳು.

ಬತ್ತಾಂ ಸೇತುವೆಯ ಮೇಲೆ ಇಲ್ಹಾಮ್ ಕಾಯುತ್ತಿದ್ದಳು. ಮೊರಾಕೋದ ಫೆಜ್ ಊರಿನವಳು, ಅದೇ ತರಗತಿ, ಬಾಯಿ ಮಾತ್ರ ಎರಡು ತರಗತಿ ಮುಂದೆ. ಇಬ್ಬರೂ ದೂ ನದಿಯ ದಂಡೆ ಹಿಡಿದು ನಡೆದರು. ಅವಸರವಿಲ್ಲದ ದಿನ. ನೀರಿನಲ್ಲಿ ಹಂಸಗಳು ತಮ್ಮ ಅಪ್ಪನ ಮನೆ ಎಂಬಂತೆ ತೇಲುತ್ತಿದ್ದವು. ಒಬ್ಬ ಮುದುಕ ಗಾಳ ಹಾಕಿ ಕುಳಿತು ನಿದ್ದೆ ಮಾಡುತ್ತಿದ್ದ. ಹುರಿದ ಚೆಸ್ಟ್‌ನಟ್ ಪೊಟ್ಟಣ ಒಂದು ಕೊಂಡು ಸಿಪ್ಪೆ ಸುಲಿಯುತ್ತ, ಚೌಕದ ಕಾಫಿ ಅಂಗಡಿಯ ಹೊರಗಿನ ಕುರ್ಚಿಯಲ್ಲಿ ಒಂದೊಂದು ಲೋಟ ಕಾಫಿಗೆ ಒಂದೂವರೆ ಗಂಟೆ ಕೂತರು. ಮಾಣಿ ಎರಡು ಸಲ ಬಂದು ಮುಖ ನೋಡಿ ಹೋದ.

"ಮುದುಕಿಗೆ ಸೂಪು ಮಾಡಿಟ್ಟು ಬಂದ್ಯಾ? ನನಗೊಂದು ಡಬ್ಬೀಲಿ ತರೋಕೆ ಏನಾಗಿತ್ತು, ಜಿಪುಣಿ?" ಎಂದಳು ಇಲ್ಹಾಮ್.

"ನಿನ್ನ ಹೊಟ್ಟೆಗೆ ಹನ್ನೊಂದು ಅಣಬೆ ಎಲ್ಲಿಗೆ ಸಾಲುತ್ತೆ? ಕಾಡೇ ತರ್ಬೇಕು."

"ನೋಡ್ತಿರು, ಇವತ್ತು ಸೂಪು ಕುಡಿದವಳು ನಾಳೆ ಆಸ್ತಿ ನಿನ್ನ ಹೆಸರಿಗೆ ಬರೀತಾಳೆ."

"ಬರೆದ್ರೆ ನಿನಗೆ ಗಡಿಯಾರ ಕೊಡ್ತೀನಿ. ಒಂದು ದಿನವಾದ್ರೂ ಕ್ಲಾಸಿಗೆ ಹೊತ್ತಿಗೆ ಸರಿಯಾಗಿ ಬಾ."

ನಗುತ್ತಲೇ ಎದ್ದರು. ದೊಡ್ಡ ಬೀದಿಯಲ್ಲಿ ಮುಚ್ಚಿದ ಅಂಗಡಿಗಳ ಕಿಟಕಿ ನೋಡುತ್ತ ನಡೆದರು. ಭಾನುವಾರ ಬಡವರ ಮಕ್ಕಳಿಗೆ ಇರುವ ಅಗ್ಗದ ಸಂತೋಷ ಅದೊಂದೇ. ಚಪ್ಪಲಿ ಅಂಗಡಿ, ಕನ್ನಡಕದ ಅಂಗಡಿ, ಆಮೇಲೆ ಔಷಧಿ ಅಂಗಡಿ. ಶರತ್ಕಾಲವೆಂದು ಅವರು ಕಿಟಕಿಯಲ್ಲಿ ಒಣ ಎಲೆ ಹಾಸಿ, ಮೇಲೆ ಗಾರೆಯಲ್ಲಿ ಮಾಡಿ ಬಣ್ಣ ಬಳಿದ ಅಣಬೆಗಳನ್ನು ನಿಲ್ಲಿಸಿದ್ದರು.

"ಬಾರೇ, ನಿನ್ನ ನೆಂಟರು ಕೂತಿದ್ದಾರೆ," ಎಂದು ಇಲ್ಹಾಮ್ ಎಳೆದಳು.

ಎಡಗಡೆ ತಿನ್ನುವಂಥವು. ಬಲಗಡೆ ಕಪ್ಪು ಬಟ್ಟೆಯ ಮೇಲೆ ತಿನ್ನಬಾರದಂಥವು. ಅದರ ನಟ್ಟ ನಡುವೆ ಒಂದು ಬಿಳಿ ಮೊಟ್ಟೆ, ಎರಡಾಗಿ ಸೀಳಿದ್ದು. ಸೀಳಿನ ಒಳಗೆ, ಇನ್ನೂ ಬಿಚ್ಚದ ಕೊಡೆಯ ಅಂಚಿಗೆ, ತೆಳುವಾದ ಹಸಿರು ಗೆರೆ.

ಚಂತಲಾ ಅದನ್ನೇ ನೋಡುತ್ತ ನಿಂತಳು. ಕೈಯಲ್ಲಿದ್ದ ಪೊಟ್ಟಣ ಕೆಳಗೆ ಬಿತ್ತು.

ಕೆಳಗಿನ ಚೀಟಿಯನ್ನು ಇಲ್ಹಾಮ್ ಗಟ್ಟಿಯಾಗಿ ಓದಿದಳು: "ಎಲ್ಲಕ್ಕಿಂತ ಮಾರಕ. ಅರ್ಧ ಅಣಬೆ ಸಾಕು. ಕುದಿಸಿದರೂ ವಿಷ ಹೋಗದು. ಆರರಿಂದ ಹನ್ನೆರಡು ಗಂಟೆ ಏನೂ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ಮನೆಯ ಯಾವ ಪರೀಕ್ಷೆಯನ್ನೂ ನಂಬಬೇಡಿ. ಬೆಳ್ಳಿ ಚಮಚ ಕಪ್ಪಾಗದಿದ್ದರೂ, ಬೆಳ್ಳುಳ್ಳಿ ಕಪ್ಪಾಗದಿದ್ದರೂ, ಬಸವನಹುಳು ತಿಂದಿದ್ದರೂ..." ಓದುತ್ತ ಓದುತ್ತ ಅವಳ ದನಿ ಇಳಿಯಿತು. ತಿರುಗಿ ಗೆಳತಿಯ ಮುಖ ನೋಡಿದಳು. "ಚಂತಾ? ಇದಲ್ಲ ತಾನೇ?"

"ಅಕ್ಕಿ ಅಂತ ಇದ್ಯಾ? ನೋಡು, ಅಕ್ಕಿ ಅಂತ ಬರ್ದಿದಾರಾ?"

"ಇಲ್ಲ. ಅಕ್ಕಿ ಇಲ್ಲ."

ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಿತು. "ನಾನು ಅಕ್ಕಿ ಹಾಕಿ ನೋಡ್ದೆ ಇಲ್ಹಾಮ್. ಬೆಳ್ಳಗೇ ಇತ್ತು. ಅವರು ಅಕ್ಕಿ ಅಂತ ಬರ್ದಿಲ್ಲ ಅಲ್ವಾ?"

ಇಲ್ಹಾಮ್ ಹೇಳಿದಳು: "ಅವರಿಗೆ ನಿಮ್ಮ ಅಕ್ಕಿ ಗೊತ್ತಿಲ್ಲ, ಅಷ್ಟೇ ಕಣೇ."

ಹುಲ್ಲುಕಡ್ಡಿ ಕೈ ಬಿಟ್ಟಿತು. ಹನ್ನೆರಡಕ್ಕೆ ಹದಿನೈದು ನಿಮಿಷ. ಮದಾಮ್ ಮೊನ್ನೋ ಈಗ ಕರವಸ್ತ್ರ ಮಡಿಸಿಡುತ್ತಿರುತ್ತಾರೆ, ಒಲೆ ಹಚ್ಚುತ್ತಿರುತ್ತಾರೆ. ಫೋನು ಮಾಡಿದಳು. ಬಡಿದುಕೊಂಡಿತು, ನಿಂತಿತು. ಮತ್ತೆ ಮಾಡಿದಳು. ಇಗರ್ಜಿಯಿಂದ ಬಂದ ಮೇಲೆ ಮದಾಮ್ ಕಿವಿಯ ಯಂತ್ರ ತೆಗೆದು ಬಟ್ಟಲಿನಲ್ಲಿಡುವುದು ಅವಳಿಗೆ ಆಗ ನೆನಪಾಯಿತು. ಪಕ್ಕದ ಮನೆಯವರ ನಂಬರು? ಒಂದು ವರ್ಷದಿಂದ ಮೆಟ್ಟಿಲಲ್ಲಿ ನಮಸ್ಕಾರ ಹೇಳಿದ್ದೇ ಹೊರತು ಹೆಸರೂ ಕೇಳಿರಲಿಲ್ಲ.

"ಆಂಬುಲೆನ್ಸಿಗೆ ಫೋನ್ ಮಾಡೋಣ," ಎಂದಳು ಇಲ್ಹಾಮ್.

"ಇನ್ನೂ ಕುಡಿದಿಲ್ಲ. ಹನ್ನೆರಡಾಗಿಲ್ಲ. ಹೋಗಿ ಪಾತ್ರೆ ಕಿತ್ಕೊಂಡ್ರೆ ಆಯ್ತು."

ಭಾನುವಾರದ ಬಸ್ಸು ಗಂಟೆಗೊಂದು, ಆಗಷ್ಟೇ ಹೋಗಿತ್ತು. ಚಂತಲಾ ಓಡಿದಳು. ಹಿಂದೆ ಇಲ್ಹಾಮ್ ಅವಳ ಚೀಲ ಹಿಡಿದು ಓಡಿದಳು.

ಸೇತುವೆ ದಾಟಿ ಗುಡ್ಡದ ದಾರಿ ಹಿಡಿಯುವ ಹೊತ್ತಿಗೆ ಇಗರ್ಜಿಯ ಗಂಟೆ ಹೊಡೆಯತೊಡಗಿತು. ಹನ್ನೆರಡು ಸಲ. ಒಂದೊಂದು ಹೊಡೆತವೂ ಅವಳ ಬೆನ್ನ ಮೇಲೆ ಬಿದ್ದಂತಾಯಿತು. ಈಗ ಮದಾಮ್ ಸೌಟು ಹಾಕಿದರು. ಈಗ ಬಟ್ಟಲು ತುಂಬಿತು. ಈಗ ಕುರ್ಚಿ ಎಳೆದು ಕೂತರು, ಊದಿದರು, ಬಾಯಿಗಿಟ್ಟರು. ಒಂದು ವರ್ಷ ತನ್ನ ಅಡುಗೆ ಬೇಡವೆಂದ ಬಾಯಿ ಅದು! ಒಪ್ಪಿಸಿದವಳು ತಾನೇ. ಎಲ್ಲಾ ಕುಡಿದರೂ ಸರಿ ಎಂದು ಬರೆದಿಟ್ಟವಳೂ ತಾನೇ. ಬುದ್ಧನನ್ನು ಕರೆದಳು, ಊರ ಕಾಡಿನ ದೆವ್ವಗಳನ್ನು ಕರೆದಳು, ಮದಾಮ್ ನಂಬುವ ಮಾತೆಯನ್ನೂ ಕರೆದಳು. ಹೊಟ್ಟೆ ತುಂಬಿದೆ ಅನ್ನಲಿ. ಇವತ್ತೊಂದು ದಿನ ಬೇಡ ಅನ್ನಲಿ. ಇನ್ನು ಜನ್ಮದಲ್ಲಿ ಅಡುಗೆ ಮಾಡಿ ಯಾರನ್ನೂ ಪೀಡಿಸುವುದಿಲ್ಲ.

ಪಕ್ಕೆ ಹಿಡಿದುಕೊಂಡಿತು. ಬಾಯಿ ಒಣಗಿತು. ಕಾಲು ನಿಂತರೂ ಭಯ ನಿಲ್ಲಲಿಲ್ಲ, ಅದು ಮುಂದೆ ಮುಂದೆ ಓಡುತ್ತಿತ್ತು. ಪೊಲೀಸರು ಬರುತ್ತಾರೆ. ಪಾತ್ರೆ ನೋಡುತ್ತಾರೆ, ಚೀಟಿ ಓದುತ್ತಾರೆ. ಪರದೇಶಿ ಹುಡುಗಿ ಮುದುಕಿಗೆ ವಿಷ ಹಾಕಿದಳು ಎನ್ನುತ್ತಾರೆ. ಇಲ್ಲ ಎಂದು ಹೇಗೆ ಹೇಳುವುದು? ಹಾಕಿದ್ದು ಹೌದಲ್ಲ.

ಮೂರು ಮಹಡಿ ಹತ್ತಿ ಬಾಗಿಲು ತೆಗೆದಾಗ ಹನ್ನೆರಡು ಇಪ್ಪತ್ತೈದು. ಮದಾಮ್ ಮೊನ್ನೋ ಅಡುಗೆಮನೆಯಲ್ಲಿ ನಿಂತು ಬಟ್ಟಲು ಒರೆಸುತ್ತಿದ್ದರು. ಸೂಪಿನ ಪಾತ್ರೆ ತೊಳೆದು ಬೋರಲು ಹಾಕಿತ್ತು.

"ಬೇಗ ಬಂದ್ಯಲ್ಲ," ಎಂದರು ಮದಾಮ್, ಕಿವಿಯ ಯಂತ್ರ ಸಿಕ್ಕಿಸಿಕೊಳ್ಳುತ್ತ. "ಸೂಪು ತುಂಬಾ ಚೆನ್ನಾಗಿತ್ತು ಪುಟ್ಟಿ. ಎರಡು ಬಟ್ಟಲು ಕುಡಿದೆ."

ಚಂತಲಾ ನೆಲದ ಮೇಲೆ ಕೂತೇಬಿಟ್ಟಳು. "ವಾಂತಿ ಮಾಡಿ ಮದಾಮ್! ಈಗಲೇ! ಬೆರಳು ಹಾಕಿ! ವಿಷ ಅದು, ನಾನು ನೋಡ್ದೆ, ಅಂಗಡೀಲಿ ನೋಡ್ದೆ, ಹಸಿರು ಗೆರೆ ಇತ್ತು, ನಾನು ನಿಮ್ಮನ್ನ..." ಮುಂದಿನ ಮಾತು ಅಳುವಿನಲ್ಲಿ ಹೋಯಿತು.

ಮದಾಮ್ ಬಟ್ಟೆ ಕೆಳಗಿಟ್ಟರು. ಅವರ ಮುಖ ಕೆಂಪಾಯಿತು. ಎಂಬತ್ತೊಂದು ವರ್ಷದ ಹೆಂಗಸು ಸಿಕ್ಕಿಬಿದ್ದ ಶಾಲೆಯ ಹುಡುಗಿಯಂತೆ ನಿಂತರು.

"ಏಳು. ಏಳು ಪುಟ್ಟಿ. ನಾನು ಒಂದು ತೊಟ್ಟೂ ಕುಡಿದಿಲ್ಲ."

"ಎರಡು ಬಟ್ಟಲು ಅಂದ್ರಿ!"

"ಅಂದೆ. ನಿನಗೆ ಬೇಜಾರಾಗುತ್ತೆ ಅಂತ ಅಂದೆ. ಎಲ್ಲಾನೂ ಕಕ್ಕಸಿಗೆ ಸುರಿದೆ, ಎರಡು ಸಲ ನೀರು ಬಿಟ್ಟೆ. ಔಷಧಿ ಅಂಗಡಿಯವನು ನೋಡದೇ ಇರೋ ಅಣಬೆ ತಿನ್ನೋಕೆ ನನಗೇನು ತಲೆ ಕೆಟ್ಟಿದ್ಯಾ?" ಮದಾಮ್ ಫ್ರಿಜ್ಜಿನ ಬಾಗಿಲು ತೆಗೆದು, ಮೊಟ್ಟೆ ಇಡುವ ಗುಳಿಯಿಂದ ಕಾಗದದಲ್ಲಿ ಸುತ್ತಿದ ಪುಟ್ಟ ಉಂಡೆಯೊಂದನ್ನು ತಂದರು. "ರಾತ್ರಿ ನೀನು ಮಲಗಿದ ಮೇಲೆ ಒಂದು ಎತ್ತಿಟ್ಕೊಂಡೆ. ನಾಳೆ ತೋರಿಸೋಣ ಅಂತ. ಒಳ್ಳೇದಾಗಿದ್ರೆ ಇನ್ನೊಂದು ಸಲ ಮಾಡು ಅಂತಿದ್ದೆ."

ಆಗ ಇಲ್ಹಾಮ್ ಏದುಸಿರು ಬಿಡುತ್ತ ಬಾಗಿಲಲ್ಲಿ ಬಂದು ನಿಂತಳು. "ಬದುಕಿದಾರಾ?" ಎಂದಳು. ಬದುಕಿದ್ದ ಮದಾಮ್ ಅವಳನ್ನು ಕೆಕ್ಕರಿಸಿ ನೋಡಿದರು. ಮೂವರಿಗೂ ನಗು ಬಂತು. ಚಂತಲಾ ಅಳುತ್ತ ನಗುತ್ತಿದ್ದಳು, ನಗುತ್ತ ಮದಾಮ್ ಅವರ ಕೈ ಹಿಡಿದು ಬೈಯುತ್ತಿದ್ದಳು. ಹೋದ ಜೀವ ಬಂದಿತ್ತು. ಜೀವ ಬಂದೊಡನೆ ಅಡುಗೆ ಮಾಡಿದವಳ ಅಭಿಮಾನವೂ ಹಿಂದೆಯೇ ಬಂತು.

"ಕಕ್ಕಸಿಗೆ ಸುರಿದ್ರಾ? ಮದಾಮ್, ಅದು ಎಷ್ಟು ರುಚಿಯಾಗಿತ್ತು ಗೊತ್ತಾ? ಉಪ್ಪು, ಹುಳಿ, ಒಂದೊಂದೂ..."

ಮದಾಮ್ ನಗು ನಿಲ್ಲಿಸಿದರು.

"ನಿನಗೆ ಹೇಗೆ ಗೊತ್ತಾಯ್ತು?"

ಚಂತಲಾ ತೊಳೆದಿಟ್ಟ ಸೌಟಿನತ್ತ ತಿರುಗಿದಳು. ಉಪ್ಪು ನೋಡದೆ ಯಾರಾದರೂ ಅಡುಗೆ ಮಾಡುತ್ತಾರೆಯೇ? ಕೈ ತಾನಾಗಿ ಮಾಡುವ ಕೆಲಸ. ಅದನ್ನು ತಿಂದದ್ದೆಂದು ಯಾರು ಲೆಕ್ಕ ಇಡುತ್ತಾರೆ? ಅಷ್ಟು ದಾರಿ ಓಡಿ ಬಂದಳು, ಅಷ್ಟು ದೇವರನ್ನು ಕರೆದಳು, ಒಂದು ಸಲವಾದರೂ ತನ್ನ ಹೊಟ್ಟೆ ನೆನಪಾಗಿರಲಿಲ್ಲ.

"ಎಷ್ಟು ಚಮಚ?" ಮದಾಮ್ ದನಿ ಕಾರ್ಖಾನೆಯ ದನಿಯಾಗಿತ್ತು.

"ಎರಡು. ಮೂರು. ಆಮೇಲೆ ಬೆಂದಿದ್ಯಾ ಅಂತ ಒಂದು ಚೂರು. ಸಣ್ಣದು. ಒಂದು ಮೊಟ್ಟೆಯ ಅರ್ಧ."

ಅರ್ಧ ಅಣಬೆ ಸಾಕು ಎಂದು ಓದಿದ್ದ ಇಲ್ಹಾಮ್ ಗೋಡೆ ಹಿಡಿದುಕೊಂಡಳು.

"ಎಷ್ಟು ಹೊತ್ತಿಗೆ?"

"ಒಂಬತ್ತಕ್ಕೆ ಹತ್ತು ನಿಮಿಷ ಇತ್ತು. ಮದಾಮ್, ನನಗೇನೂ ಆಗ್ತಿಲ್ಲ. ನಿಜವಾಗ್ಲೂ. ಹೊಟ್ಟೆ ನೋವಿಲ್ಲ, ಏನೂ ಇಲ್ಲ."

ಹೇಳುತ್ತಿರುವಾಗಲೇ ಅವಳಿಗೆ ಕಿಟಕಿಯ ಚೀಟಿ ಕಣ್ಣ ಮುಂದೆ ಬಂತು. ಏನೂ ಆಗದಿರುವುದೇ ಅದರ ಗುರುತು.

ಊಟದ ಹೊತ್ತಿನಲ್ಲಿ ಫೋನು ಮುಟ್ಟದ ಮದಾಮ್ ಮೊನ್ನೋ ಅಂದು ಹನ್ನೆರಡು ನಲವತ್ತಕ್ಕೆ ಆಂಬುಲೆನ್ಸಿಗೆ ಫೋನು ಮಾಡಿದರು. ಹೆಸರು, ವಯಸ್ಸು, ಎಷ್ಟು ತಿಂದಳು, ತಿಂದು ಮೂರು ಗಂಟೆ ಐವತ್ತು ನಿಮಿಷ ಎಂದು ಒಂದೇ ಉಸಿರಿನಲ್ಲಿ ಹೇಳಿ, ಕಾಗದದ ಉಂಡೆಯನ್ನು ಹುಡುಗಿಯ ಕೈಯಲ್ಲಿಟ್ಟರು. "ಇದನ್ನ ಬಿಡಬೇಡ. ಡಾಕ್ಟರಿಗೆ ಕೊಡು." ಆಮೇಲೆ ತಾವೂ ಕೋಟು ಹಾಕಿಕೊಂಡರು.

ಆಸ್ಪತ್ರೆಯಲ್ಲಿ ಅಣಬೆ ಬಲ್ಲವರೊಬ್ಬರು ಉಂಡೆ ಬಿಚ್ಚಿ ನೋಡಿದರು. ಹೆಚ್ಚು ಹೊತ್ತು ನೋಡಲಿಲ್ಲ. ಹೌದು, ಅದೇ. ಕಪ್ಪು ಇದ್ದಿಲಿನ ನೀರು ಕುಡಿಸಿದರು, ತೋಳಿಗೆ ಸೂಜಿ ಸಿಕ್ಕಿಸಿದರು. ಡಾಕ್ಟರು ಯುವತಿ, ಮುಚ್ಚಿಡದೆ ಹೇಳಿದಳು: "ಎಲ್ಲರೂ ಹೊಟ್ಟೆ ನೋವು ಶುರುವಾದ ಮೇಲೆ ಬರ್ತಾರೆ. ನೀನು ಮೊದಲೇ ಬಂದೆ. ಹೆದರಿದ್ದು ಒಳ್ಳೇದಾಯ್ತು. ಇನ್ನು ಕಾಯೋದು."

ಕಾಯುವುದೆಂದರೆ ಏನೆಂದು ಚಂತಲಾ ಆ ಮಧ್ಯಾಹ್ನ ಕಲಿತಳು. ಮಲಗಿ ತನ್ನ ಹೊಟ್ಟೆಯನ್ನೇ ಆಲಿಸುತ್ತಿದ್ದಳು. ಹಸಿವಿನ ಗುಳುಗುಳು ಆದರೂ ಬೆವರುತ್ತಿದ್ದಳು. ಎರಡು ಗಂಟೆಗೆ ಫೋನು ಬಂತು. ಭಾನುವಾರದ ಎರಡು ಗಂಟೆ, ಅಮ್ಮನ ಹೊತ್ತು.

"ಊಟ ಆಯ್ತಾ ಮಗಳೇ?" ಅವರ ಹಳ್ಳಿಯಲ್ಲಿ ಕ್ಷೇಮಸಮಾಚಾರವೆಂದರೆ ಇದೇ ಮೊದಲ ಪ್ರಶ್ನೆ.

"ಆಯ್ತಮ್ಮ."

"ಸೂಪು ಹೇಗಿತ್ತು? ಅಕ್ಕಿ?"

ಚಂತಲಾ ಸೂಜಿ ಚುಚ್ಚಿದ ತನ್ನ ತೋಳು ನೋಡಿದಳು. ಸಾವಿರಾರು ಮೈಲಿ ಆಚೆ ಇರುವ ಹೆಂಗಸು ಏನು ತಾನೇ ಮಾಡಿಯಾಳು? "ಬೆಳ್ಳಗೇ ಇತ್ತಮ್ಮ. ಚೆನ್ನಾಗಿತ್ತು. ಮದಾಮ್ ಎರಡು ಬಟ್ಟಲು ಕುಡಿದ್ರು."

ಪಕ್ಕದ ಕುರ್ಚಿಯಲ್ಲಿದ್ದ ಮದಾಮ್‌ಗೆ ಲಾವೋ ಭಾಷೆ ಬಾರದು. ಆದರೂ ಅವರು ಆ ಮುಖ ನೋಡಿ, ತಲೆ ತಗ್ಗಿಸಿ, ಕೈಚೀಲದ ಕೊಂಡಿ ಸರಿಮಾಡಿದರು.

ಸಂಜೆ ಆರಕ್ಕೆ ಶುರುವಾಯಿತು. ಅದನ್ನು ಬಣ್ಣಿಸಿ ಪ್ರಯೋಜನವಿಲ್ಲ. ಕರುಳನ್ನು ಯಾರೋ ಬಟ್ಟೆ ಹಿಂಡಿದಂತೆ ಹಿಂಡಿದರು. ಸೋಮವಾರ ಸಂಜೆಗೆ ನೋವು ನಿಂತು, ಅವಳು ಎದ್ದು ಕೂತು ಮನೆಗೆ ಹೋಗುತ್ತೇನೆ ಎಂದಳು. ಡಾಕ್ಟರು ತಲೆಯಾಡಿಸಿದಳು: "ಇದೇ ಮೋಸದ ದಿನ. ಜನ ಇವತ್ತೇ ಎದ್ದು ಹೋಗ್ತಾರೆ. ಒಳಗೆ ಯಕೃತ್ತು ಈಗ ಸಾಯೋಕೆ ಶುರು ಮಾಡಿರುತ್ತೆ." ಮಂಗಳವಾರ ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಅಂಕೆ ಏರಿತು. ಬುಧವಾರ ಇನ್ನೂ ಏರಿತು. ಯಕೃತ್ತು ಬದಲಿಸಲು ಬೇರೆ ಊರಿಗೆ ಸಾಗಿಸುವ ಮಾತು ಬಂತು. ಮದಾಮ್ ದಿನವೂ ಎರಡಕ್ಕೆ ಸರಿಯಾಗಿ ಬಂದು ಕೂರುತ್ತಿದ್ದರು. ಗುರುವಾರ ಅಂಕೆ ಒಂದಿಷ್ಟು ಇಳಿಯಿತು. ಶುಕ್ರವಾರ ಮತ್ತೆ ಇಳಿಯಿತು. ಡಾಕ್ಟರು ಮೊದಲ ಸಲ ನಕ್ಕಳು. ಒಂದು ಬಟ್ಟಲು ಕುಡಿದಿದ್ದರೆ ಈ ಕಥೆ ಹೇಳುವ ರೀತಿಯೇ ಬೇರೆಯಾಗುತ್ತಿತ್ತು.

ಮುಂದಿನ ಭಾನುವಾರ ಎರಡು ಗಂಟೆಗೆ ಅವಳು ಇನ್ನೂ ಆಸ್ಪತ್ರೆಯ ಹಾಸಿಗೆಯಲ್ಲೇ ಇದ್ದಳು. ಜೀವದ ಭಯ ಹೋಗಿತ್ತು. ಅದರ ಜಾಗದಲ್ಲಿ ಇನ್ನೊಂದು ಭಯ ಮೂರು ದಿನದಿಂದ ಕೂತಿತ್ತು. ಫೋನು ಬಂತು.

"ಊಟ ಆಯ್ತಾ? ಏನಮ್ಮಾ, ವಾರ ಪೂರ್ತಿ ಮಾತೇ ಇಲ್ಲ? ಕೇಳು, ಸಂತೇಲಿ ಎಲ್ಲರಿಗೂ ಹೇಳಿದೀನಿ. ಫ್ರಾನ್ಸ್ ದೇಶದಲ್ಲೂ ನಮ್ಮ ಅಕ್ಕಿ ಸುಳ್ಳು ಹೇಳಲಿಲ್ಲ ಅಂತ. ನಿನ್ನ ಅತ್ತಿಗೆ ಅಂತೂ ಬರೋ ಮಳೆಗಾಲಕ್ಕೆ ಕಾಡಿಗೆ ನಾನೇ ಹೋಗ್ತೀನಿ ಅಂತ ಕುಣೀತಿದಾಳೆ."

ಚಂತಲಾ ಕಣ್ಣು ಮುಚ್ಚಿದಳು. ಸುಮ್ಮನಿದ್ದುಬಿಡಬಹುದು. ಹೇಳಿದರೆ ಅಕ್ಕಿಯ ಮಾತು ಮಾತ್ರ ಬೀಳುವುದಿಲ್ಲ, ಮೂವತ್ತು ವರ್ಷದ ಹಿಂದೆ ನೋಯ್‌ಳನ್ನು ಕೊಂದ ದೆವ್ವವೂ ಬೀಳುತ್ತದೆ. ಆ ಜಾಗದಲ್ಲಿ ಯಾರು ನಿಲ್ಲುತ್ತಾರೆಂದು ಅವಳಿಗೆ ಗೊತ್ತಿತ್ತು. ಆದರೆ ಮಳೆ ಬರುತ್ತದೆ, ಅತ್ತಿಗೆ ಕಾಡಿಗೆ ಹೋಗುತ್ತಾಳೆ, ಅಣ್ಣನ ಎರಡು ಚಿಕ್ಕ ಮಕ್ಕಳು ಬಟ್ಟಲು ಹಿಡಿದು ಕೂರುತ್ತವೆ.

"ಅಮ್ಮ, ನಾನು ಸುಳ್ಳು ಹೇಳ್ದೆ. ಆಸ್ಪತ್ರೇಲಿದೀನಿ. ಈಗ ಹುಷಾರಾಗಿದೀನಿ, ಹೆದರಬೇಡ. ಅದು ವಿಷದ ಅಣಬೆ. ಅಕ್ಕಿ ಬೆಳ್ಳಗೇ ಇತ್ತು ಅಮ್ಮ. ವಿಷ ಇದ್ರೂ ಬೆಳ್ಳಗೇ ಇರುತ್ತೆ. ಎಲ್ಲರಿಗೂ ಹೇಳು."

ಅಮ್ಮ ತಗ್ಗಿದ ದನಿಯಲ್ಲಿ ಕೇಳಿದಳು: "ನೋವು ಯಾವಾಗ ಬಂತು?"

"ಸಂಜೆ."

"ಅವತ್ತೇ ಸಂಜೆ?"

"ಹೂಂ. ರಾತ್ರಿಯೆಲ್ಲ ವಾಂತಿ."

"ಮಾರನೇ ದಿನ ಕಮ್ಮಿ ಆಯ್ತಾ?"

ಚಂತಲಾ ಉತ್ತರಿಸಲು ಹೆದರಿದಳು. ಉತ್ತರಿಸದಿರಲೂ ಹೆದರಿದಳು. "ಆಯ್ತಮ್ಮ. ಎದ್ದು ಕೂತಿದ್ದೆ."

"ನೋಯ್ ಕೂಡ ಎದ್ದು ಕೂತಿದ್ಲು," ಎಂದಳು ಅಮ್ಮ. "ಹಸಿವು ಅಂದ್ಲು. ಜಡೆ ಹಾಕು ಅಂದ್ಲು, ಹಾಕ್ದೆ. ಮಿಕ್ಕಿದ್ದ ಸೂಪು ಬಿಸಿ ಮಾಡಿ ಕೊಟ್ಟೆ."

ಮದಾಮ್ ಮೊನ್ನೋ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಹುಡುಗಿಯ ಕಾಲ ಮೇಲೆ ಕೈಯಿಟ್ಟರು.

"ಅಕ್ಕಿ ಬೆಳ್ಳಗೇ ಇತ್ತು ಕಣೇ," ಎಂದಳು ಅಮ್ಮ. "ನಾನು ಎರಡು ಸಲ ನೋಡಿದ್ದೆ."